ಮಹಡಿ ಕೋಣೆಯ ಬೀಗದ ಕೈ

ಬೀಗ ರಿಪೇರಿಯವನಿಗೆ ಊಟ ತಪ್ಪಿದರೂ ನಡೆಯುತ್ತಿತ್ತು, ಬೀದಿಯ ಸುದ್ದಿ ಮಾತ್ರ ತಪ್ಪುವಂತಿರಲಿಲ್ಲ. ಅಂಥವನ ಕಣ್ಣೆದುರೇ ದಿನಾ ಬೆಳಿಗ್ಗೆ ಗಂಟಕ್ಕ ಮಹಡಿ ಕೋಣೆಯ ಬಾಗಿಲ ಹೊರಗೆ, ತನ್ನ ಬಟ್ಟೆಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗಿರುತ್ತಿದ್ದಳು. ಒಳಗೆ ಹೊಸ ಮಂಚವಿತ್ತು. ಇದು ಅವನ ತಲೆ ಕೊರೆಯದೆ ಬಿಡುತ್ತದೆಯೇ?

ವರ್ಷಗಟ್ಟಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದವಳು ಅವಳು. ಜನ ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಿದ್ದರು. ಕೊನೆಗೆ ಪಾತ್ರೆ ಅಂಗಡಿಯಾಕೆ ತನ್ನ ಅಂಗಡಿಯ ಮೇಲಿದ್ದ, ಡಬ್ಬ ತುಂಬಿದ ಕೋಣೆಯನ್ನು ಬಿಟ್ಟುಕೊಟ್ಟಳು. ಅಷ್ಟೇ ಸಾಕಾಯಿತು, ಇಡೀ ಬೀದಿ ಟೊಂಕ ಕಟ್ಟಿ ನಿಂತಿತು. ಬಡಗಿ ಮಂಚ ಮಾಡಿದ, ಟೈಲರ್ ಪರದೆ ಹೊಲಿದ, ಬಣ್ಣದವನು ಉಳಿದುಬಳಿದ ಬಣ್ಣವನ್ನೆಲ್ಲ ಕಲಸಿ ಗೋಡೆಗೆ ಹೆಸರೇ ಇಲ್ಲದ ಬಣ್ಣ ತಂದ. ಬೀಗ ರಿಪೇರಿಯವನು ಬೀಗ ಕೂಡಿಸಿದ. ಆ ಬೀದಿಯಲ್ಲಿ ಪ್ರತಿ ಅಂಗಡಿಯ ಇನ್ನೊಂದು ಬೀಗದ ಕೈ ಪಕ್ಕದವರ ಗೋಡೆಯ ಮೊಳೆಯಲ್ಲಿ ತೂಗುವುದು ಪದ್ಧತಿ. ಪಕ್ಕದವರದು ಇವರ ಮೊಳೆಯಲ್ಲಿ. ಹಾಗಾಗಿ ಕೋಣೆಗೆ ಕೈಜೋಡಿಸಿದವರಿಗೆಲ್ಲ ಅವನು ಒಂದೊಂದು ಬೀಗದ ಕೈ ಹಂಚಿ ಹಿಗ್ಗಿದ್ದ.

ಈಗ ಪಾತ್ರೆ ಅಂಗಡಿಯಾಕೆಯ ಮುಖ ಊದಿಕೊಂಡಿತ್ತು. "ಹೊರಗೇ ಮಲಗೋದಾದ್ರೆ ಕೋಣೆ ಯಾಕೆ? ಈ ವಾರ ನೋಡ್ತೀನಿ. ಆಮೇಲೆ ನನ್ನ ಡಬ್ಬಗಳಾದ್ರೂ ಒಳಗೆ ನೆಮ್ಮದಿಯಾಗಿ ಮಲಗಲಿ."

"ಬೆಂಚು ರೂಢಿಯಾಗಿದೆ ಮಾರಾಯ, ಅವಳಿಗೆ ಮಂಚ ಹಿಡಿಸಲ್ಲ," ಅಂದ ಟೈಲರ್, ಬೀಗ ರಿಪೇರಿಯವನತ್ತ ತಿರುಗಿ.

ಅವನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಎರಡು ಲೋಟ ಚಹಾ ಹಿಡಿದು ಮೆಟ್ಟಿಲು ಹತ್ತಿದ.

"ಅಕ್ಕಾ, ಒಳಗೆ ಸೆಕೆನಾ?"

"ಇಲ್ಲಪ್ಪ."

"ತಿಗಣೆ?"

"ಬಡಗಿ ಕೇಳಿಸ್ಕೊಂಡ್ರೆ ನಿನ್ನ ಸುಮ್ಮನೆ ಬಿಡಲ್ಲ." ಅವಳು ನಕ್ಕಳು.

ಅಷ್ಟರಲ್ಲಿ ಟೈಲರ್ ಅಳತೆ ಟೇಪು ಹಿಡಿದು ಬಂದ, ಇಬ್ಬರನ್ನೂ ದಾಟಿ ತನ್ನಲ್ಲಿದ್ದ ಬೀಗದ ಕೈಯಿಂದ ಬೀಗ ತೆಗೆದು ಒಳಹೊಕ್ಕ, ಪರದೆಯ ಉದ್ದ ನೋಡಿ, "ಒಂಚೂರು ಗಿಡ್ಡ ಆಯ್ತು" ಎಂದು ತನಗೆ ತಾನೇ ಹೇಳಿಕೊಂಡು ಹೋದ.

ಗಂಟಕ್ಕ ಚಹಾ ಆರಿಸುತ್ತ ಕೂತಿದ್ದಳು. "ಮೊನ್ನೆ ಬಟ್ಟೆ ಬದಲಾಯಿಸ್ತಿದ್ದೆ, ಬಣ್ಣದವನು ಬಂದುಬಿಟ್ಟ. ಪಾಪ, ಅವನೇ ಹೆಚ್ಚು ಹೆದರಿದ. ಎಲ್ಲರೂ ಒಳ್ಳೆಯವರೇ. ಆದ್ರೆ ಒಳಗೆ ಮಲಗಿದ್ರೆ ಬಾಗಿಲು ಯಾವಾಗ ತೆರ್ಕೊಳ್ಳುತ್ತೋ ಗೊತ್ತಾಗಲ್ಲ. ಇಲ್ಲಿದ್ರೆ ಹತ್ತಿ ಬರೋರು ಕಾಣ್ತಾರೆ."

"ಒಳಗಿಂದ ಚಿಲಕ ಹಾಕ್ಕೊಳ್ಳಿ."

"ನೀನು ಇಟ್ಟಿದ್ರೆ ತಾನೇ ಹಾಕ್ಕೊಳ್ಳೋದು?"

ಅವನು ಎದ್ದು ಬಾಗಿಲ ಹಿಂದೆ ನೋಡಿದ. ಚಿಲಕವಿರಲಿಲ್ಲ. ಜೀವಮಾನವೆಲ್ಲ ಅವನು ಬೀಗ ಕೂಡಿಸಿದ್ದು ಅಂಗಡಿ ಬಾಗಿಲುಗಳಿಗೆ. ಅಂಗಡಿಯನ್ನು ಒಳಗಿನಿಂದ ಯಾರು ಮುಚ್ಚಿಕೊಳ್ಳುತ್ತಾರೆ? ಅವನಿಗೆ ನಾಚಿಕೆಯಾಯಿತು.

ಅಂದೇ ಹಂಚಿದ ಬೀಗದ ಕೈಗಳನ್ನೆಲ್ಲ ವಾಪಸು ಕೇಳಿದ. ಟೈಲರ್ ಸಿಡುಕಿದ. "ನಾವೇನು ಕಳ್ಳರಾ?"

"ಅಲ್ಲ, ನೆಂಟರು. ನೆಂಟರು ಬಾಗಿಲು ತಟ್ಟಿ ಬರ್ತಾರೆ."

ಹೊಸ ಬೀಗ ಬಂತು, ಚಿಲಕ ಬಂತು, ಎರಡು ಬೀಗದ ಕೈಗಳೂ ಗಂಟಕ್ಕನ ಪಾಲಾದವು. ಮರುದಿನ ಬೆಳಿಗ್ಗೆ ಬಾಗಿಲ ಹೊರಗೆ ಯಾರೂ ಮಲಗಿರಲಿಲ್ಲ. ಪಾತ್ರೆ ಅಂಗಡಿಯಾಕೆ ಹಾಲು ಹಿಡಿದು ಹತ್ತಿದಳು, ತನ್ನದೇ ಕೋಣೆಯ ಬಾಗಿಲು ತಟ್ಟಿ, ಒಳಗಿನವಳು ಏಳುವ ತನಕ ಕಾದು ನಿಂತಳು. ಡಬ್ಬಗಳ ಮಾತು ಮತ್ತೆ ಬರಲಿಲ್ಲ.

ಕೆಲವು ದಿನ ಕಳೆದು ಗಂಟಕ್ಕ ಅವನ ಅಂಗಡಿಗೆ ಬಂದಳು. ಕೈಯಲ್ಲಿ ಗಂಟಿರಲಿಲ್ಲ. ಒಂದು ಬೀಗದ ಕೈ ತೆಗೆದು ಮುಂದಿಟ್ಟಳು.

"ಇದು ನಿನ್ನ ಮೊಳೆಗೆ."

ಅವನು ಖುಷಿಯಿಂದ ತೂಗುಹಾಕಿದ. ಅವಳು ಕದಲಲಿಲ್ಲ.

"ನಿಂದು?"

"ನಂದೇನು ಅಕ್ಕಾ?"

"ಪಕ್ಕದವರದು ನಿಮ್ಮಲ್ಲಿ, ನಿಮ್ಮದು ಪಕ್ಕದವರಲ್ಲಿ. ಪದ್ಧತಿ ಅಲ್ವಾ?"

ಕೋಣೆಗೆ ಅಷ್ಟೊಂದು ಬೀಗದ ಕೈ ಮಾಡಿದವನಿಗೆ, ಅವಳಿಗೆ ಯಾರ ಅಂಗಡಿಯದ್ದಾದರೂ ಒಂದು ಕೊಡಬೇಕೆಂದು ಹೊಳೆದಿರಲೇ ಇಲ್ಲ. ಅಂಗಡಿಯ ಸಾಮಾನಿನ ಮೇಲೆ ಅವನ ಕಣ್ಣು ಒಮ್ಮೆ ಹರಿದಾಡಿತು. ಅವಳು ಅದನ್ನೂ ನೋಡಿದಳು.

ಅವನು ಯಂತ್ರದ ಮುಂದೆ ಕೂತು ತನ್ನ ಅಂಗಡಿಯ ಬೀಗಕ್ಕೆ ಇನ್ನೊಂದು ಬೀಗದ ಕೈ ಕೊರೆದ, ಅಂಚು ಉಜ್ಜಿ ಅವಳ ಅಂಗೈಯಲ್ಲಿಟ್ಟ.

"ಹಾಗೇ ಒಂದು ಮೊಳೆನೂ ಕೊಡು," ಅಂದಳು ಗಂಟಕ್ಕ. "ನನ್ನ ಗೋಡೆಗೆ ಹೊಡ್ಕೋಬೇಕು."