ಮಾವನವರ ಹೆಸರು

ಬಾರ್ಸ್ಕೂನ್ ಊರಿನ ಶಿಶುವಿಹಾರದಲ್ಲಿ ಮೂವತ್ತು ವರ್ಷ ಮಕ್ಕಳ ಮಾತು ತಿದ್ದಿದವಳು ನಾನು. ಒಂದು ಕನ್ನಡಿ, ಒಂದು ಮರದ ಚಮಚ, ಇಷ್ಟೇ ನನ್ನ ಸರಂಜಾಮು. ರಕಾರ ಹೊರಳದವನು, ತೊದಲುವವನು, ಬಾಯೇ ಬಿಡದವಳು ಎಲ್ಲರೂ ಅದೇ ಕನ್ನಡಿಯ ಮುಂದೆ ಕೂತು ಸರಿಹೋದರು. ಸರಿಹೋಗದವರು ಬೆಳೆದು ಟ್ರ್ಯಾಕ್ಟರ್ ಓಡಿಸಿದರು. ಟ್ರ್ಯಾಕ್ಟರ್ ಓಡಿಸಲು ರಕಾರವೇನೂ ಬೇಕಿಲ್ಲ.

ನಮ್ಮ ಸೊಸೆ ನುರ್ಜಾತ್ ಇದೇ ವಿದ್ಯೆಯನ್ನು ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿ ಬಂದವಳು. ಮದುವೆಯಾದ ಹೊಸದರಲ್ಲಿ, ಏನು ಓದಿದೆ ಎಂದು ವಿಚಾರಿಸಿದೆ.

"ಲಕ್ವ ಹೊಡೆದು ಮಾತು ಹೋದ ದೊಡ್ಡೋರಿಗೆ ಮಾತು ಬರ್ಸೋದು, ಅತ್ತೆ."

"ಮತ್ತೆ ಮಕ್ಕಳಿಗೆ?"

"ಅದಕ್ಕೆ ಬೇರೆಯವರು ಇದಾರೆ. ತೊದಲೋರಿಗೆ ಬೇರೆ, ಗಂಟಲು ಕೆಟ್ಟೋರಿಗೆ ಬೇರೆ, ನುಂಗೋಕಾಗದೋರಿಗೆ ಬೇರೆ."

ನಮ್ಮಲ್ಲಿ ಹಬ್ಬದ ಕುರಿ ಕಡಿದರೆ ಒಂದೊಂದು ಮೂಳೆಗೂ ಒಬ್ಬೊಬ್ಬ ಹಕ್ಕುದಾರ. ನನ್ನ ವಿದ್ಯೆಯನ್ನೂ ಹಾಗೇ ಕಡಿದು ಹಂಚಿಕೊಂಡಿದ್ದಾರಲ್ಲ ಎಂದು ಉರಿಯಿತು.

"ಇಡೀ ಕುರೀನ ನಾನೊಬ್ಬಳೇ ತಿಂದು ಅರಗಿಸ್ಕೊಂಡಿದೀನಿ ಕಣೆ," ಅಂದೆ. ಅವಳು ನಕ್ಕು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

ಹೋದ ಶರತ್ಕಾಲದಲ್ಲಿ ನಮ್ಮ ಯಜಮಾನರಿಗೇ ಲಕ್ವ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತು ಮಾತ್ರ ಒಂದೇ ಒಂದು ಉಳಿಯಿತು: "ಕುದುರೆ." ಚಹಾ ಬೇಕಾದರೂ ಕುದುರೆ, ಉಪ್ಪು ಕಮ್ಮಿಯಾದರೂ ಕುದುರೆ, ನನ್ನ ಮೇಲೆ ಸಿಟ್ಟು ಬಂದರಂತೂ ಕುದುರೆ, ಕುದುರೆ, ಕುದುರೆ. ನಗು ಬರುತ್ತಿತ್ತು. ಹಿತ್ತಲಿಗೆ ಹೋಗಿ ಅತ್ತದ್ದೂ ಉಂಟು.

ಯಾಕೆಂದರೆ ನುರ್ಜಾತ್ ಆಗ ಬಸುರಿ. ಮಗನ ಮದುವೆಯಲ್ಲಿ ನಮ್ಮವರು ಊರಿನ ಎದುರು ಹೇಳಿಬಿಟ್ಟಿದ್ದರು: "ಮೊಮ್ಮಗ ಹುಟ್ಟಿದ್ರೆ ಅವನಿಗೆ ನಮ್ಮಪ್ಪನ ಹೆಸರು. ಅವನ ಕಿವೀಲಿ ನಾನೇ ಕೂಗೋದು." ಮಗುವಿನ ಕಿವಿಯಲ್ಲಿ ಹಿರಿಯರೊಬ್ಬರು ಮೂರು ಸಲ ಹೆಸರು ಕೂಗಿದರೇ ಅದು ಹೆಸರು. ಈಗ ಅವರು ಏನು ಕೂಗಿಯಾರು? ಆ ಚಿಂತೆ ಅವರನ್ನೇ ಹೆಚ್ಚು ತಿನ್ನುತ್ತಿತ್ತು. ತೊಟ್ಟಿಲು ಕಂಡರೆ ಮುಖ ತಿರುಗಿಸುತ್ತಿದ್ದರು.

ನುರ್ಜಾತ್ ದಿನವೂ ಅವರನ್ನು ಕೂರಿಸಿಕೊಂಡು ಪಾಠ ಶುರುಮಾಡಿದಳು. ಮೊದಲ ತಕರಾರು ನನ್ನ ಮೇಲೇ ಬಂತು. ಅವರು "ಕುದು" ಅನ್ನುವಷ್ಟರಲ್ಲಿ ನಾನು ಚಹಾ ತಂದು ಇಟ್ಟಿರುತ್ತಿದ್ದೆ.

"ಅತ್ತೆ, ಬೇಜಾರು ಮಾಡ್ಕೋಬೇಡಿ," ಅಂದಳು. "ಮಾವ ಬಾಯಿ ತೆರೆದ ತಕ್ಷಣ ನೀವು ನಿಮ್ಮ ಬಾಯಿಗೆ ಏನಾದ್ರೂ ಹಾಕ್ಕೊಂಡುಬಿಡಿ."

ಸೊಸೆ ಅತ್ತೆಗೆ ಬಾಯಿ ಮುಚ್ಚು ಅನ್ನುವ ರೀತಿ ಇದು. ಆದರೂ ಕೇಳಿದೆ. ಪಾಠದ ಹೊತ್ತಿಗೆ ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಇಟ್ಟುಕೊಂಡು ಕೂರುತ್ತಿದ್ದೆ. ಅವರಿಗೆ ಮಾತು ಬರುತ್ತಾ ಹೋಯಿತು, ನನಗೆ ಮೈ ಬರುತ್ತಾ ಹೋಯಿತು.

ಚಹಾ, ಉಪ್ಪು, ಬಾಗಿಲು ಬಂದವು. ಮನೆಯವರ ಹೆಸರುಗಳ ಸರದಿ ಬಂದಾಗ ಪೇಚಿಗಿಟ್ಟುಕೊಂಡಿತು. ಪುಸ್ತಕದ ಪ್ರಕಾರ ಹೆಸರಿನ ಮೊದಲ ಅಕ್ಷರ ಹೇಳಿಕೊಟ್ಟು ಉಳಿದದ್ದನ್ನು ಅವರಿಂದ ಹೊರಡಿಸಬೇಕು. ಆದರೆ ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರೆತ್ತುವಂತಿಲ್ಲ, ಅದರ ಮೊದಲ ಅಕ್ಷರವನ್ನೂ. ನಾನೂ ಸೊಸೆಯೇ ತಾನೆ? ನಮ್ಮವರ ಹೆಸರಾಗಲಿ, ಮಾವನವರ ಹೆಸರಾಗಲಿ ನನ್ನ ಬಾಯಲ್ಲಿ ಬಂದದ್ದಿಲ್ಲ.

ನುರ್ಜಾತ್ ಸುತ್ತು ದಾರಿ ಹಿಡಿದಳು. "ಮಾವ, ತಲಾಸ್‌ನಲ್ಲಿ ಇದಾರಲ್ಲ, ನಿಮ್ಮ ತಮ್ಮ. ನಮ್ಮ ಮದುವೇಲಿ ಕತ್ತೆ ಮೇಲಿಂದ ಬಿದ್ದೋರು. ಬಿದ್ದಮೇಲೂ ಭಾಷಣ ನಿಲ್ಲಿಸದೋರು. ಯಾರು ಅವರು?"

"ಕುದುರೆ," ಅಂದರು ನಮ್ಮವರು.

"ಕುದುರೆ ಅಲ್ಲ ಮಾವ, ಕತ್ತೆ. ಬಿದ್ದೋರು ಯಾರು?"

ಅವರಿಗೆ ನಗು ಉಕ್ಕಿತು. ನಗುತ್ತಲೇ ಅಂದರು: "ಸುಲ್ತಾನ್‌ಬೆಕ್."

ನನ್ನ ಗಂಟಲಲ್ಲಿ ಬೋರ್ಸೋಕ್ ಸಿಕ್ಕಿಕೊಂಡಿತು.

ನುರ್ಜಾತ್ ಇದನ್ನು ತನ್ನ ಪ್ರೊಫೆಸರಿಗೆ ಬರೆದಳು. ಆಕೆ ಕೂಡಲೇ ಫೋನ್ ಮಾಡಿದರು. "ಇಷ್ಟು ದಿನ ಪರದೇಶದ ಪುಸ್ತಕ ನೋಡ್ಕೊಂಡೇ ಪಾಠ ಮಾಡ್ತಿದ್ವಿ. ನಮ್ಮ ಸೊಸೆಯಂದಿರ ಈ ಬಳಸು ಮಾತು ಎಷ್ಟು ಜನಕ್ಕೆ ಕೆಲಸಕ್ಕೆ ಬರುತ್ತೋ ನೋಡೋಣ," ಎಂದರು. ನರಿನ್‌ನಲ್ಲೂ ಓಶ್‌ನಲ್ಲೂ ನುರ್ಜಾತಳ ಓರಗೆಯವರು ತಮ್ಮ ರೋಗಿಗಳ ಜೊತೆ ಅದನ್ನೇ ಪರೀಕ್ಷೆ ಮಾಡತೊಡಗಿದರು. ಕುರಿಯನ್ನು ಹಂಚಿಕೊಂಡರೂ ಹಬ್ಬ ಒಟ್ಟಿಗೇ ಮಾಡುತ್ತಾರೆ ಎಂದು ನನಗೆ ಆಗ ತಿಳಿಯಿತು.

ನಮ್ಮ ಮಾವನವರ, ಅಂದರೆ ಅವರ ಅಪ್ಪನ ಹೆಸರೊಂದು ಮಾತ್ರ ಬರಲೊಲ್ಲದು. ಈ ಮನೆ ಕಟ್ಟಿದೋರು, ಗೇಟಿನ ಬಳಿ ಜರ್ದಾಳು ಹಣ್ಣಿನ ಮರ ನೆಟ್ಟೋರು ಎಂದು ನುರ್ಜಾತ್ ಎಷ್ಟು ಬಳಸಿದರೂ ನಮ್ಮವರು ತಲೆ ತಗ್ಗಿಸಿಬಿಡುತ್ತಿದ್ದರು. ಅಷ್ಟರಲ್ಲಿ ಗಂಡು ಮಗು ಹುಟ್ಟಿತು.

ನಾಮಕರಣದ ದಿನ ಸುಲ್ತಾನ್‌ಬೆಕ್ ತಲಾಸ್‌ನಿಂದ ಬಂದಿಳಿದ. ಮೊದಲು ಅವನ ಹೊಟ್ಟೆ ಒಳಗೆ ಬಂತು, ಆಮೇಲೆ ಅವನು.

"ಅತ್ತಿಗೆ, ಅಣ್ಣನಿಗೆ ಯಾಕೆ ತೊಂದರೆ? ಹೆಸರು ನಾನು ಕೂಗ್ತೀನಿ ಬಿಡಿ."

"ನೀನು ಕೂಗಿದ್ರೆ ಮಗು ಕಿವಿ ಹರಿದುಹೋಗುತ್ತೆ ಮಾರಾಯ," ಅಂದೆ. ಕೊನೆಗೆ ಅಣ್ಣನಿಂದ ಆಗದಿದ್ದರೆ ತಮ್ಮ ಕೂಗುವುದೆಂದು ಒಪ್ಪಂದವಾಯಿತು.

ಮೌಲ್ವಿಗಳು ಪ್ರಾರ್ಥನೆ ಮುಗಿಸಿ ಮಗುವನ್ನು ನಮ್ಮವರ ಕೈಗೆ ಕೊಟ್ಟರು. ಅವರು ಕಿವಿಯ ಹತ್ತಿರ ಬಾಯಿ ಒಯ್ದರು. ತುಟಿ ಅಲುಗಿತು. ಸದ್ದಿಲ್ಲ. ಸುಲ್ತಾನ್‌ಬೆಕ್ ಗಂಟಲು ಸರಿಮಾಡಿಕೊಂಡ. ನಾನು ರೂಢಿಯಂತೆ ಬಾಯಿಗೆ ಬೋರ್ಸೋಕ್ ತುರುಕಿಕೊಂಡೆ.

ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ನುರ್ಜಾತ್ ನನ್ನನ್ನೇ ನೋಡಿದಳು. ಆಗ ಹೊಳೆಯಿತು. ಮಾವನವರು ತೀರಿಕೊಂಡದ್ದು ಅವಳು ಹುಟ್ಟುವುದಕ್ಕೂ ಮುಂಚೆ. ಪಾಪ, ಕಾಣದ ಮನುಷ್ಯನನ್ನು ಹೇಗೆ ಬಳಸಿ ಹೇಳಿಯಾಳು? ಕಂಡವಳು ನಾನು. ಬಳಸಿ ಹೇಳುವುದು ಅವಳ ಪಾಲು, ಬಾಯಿ ಮುಚ್ಚುವುದು ನನ್ನ ಪಾಲು ಎಂದು ಇಷ್ಟು ದಿನ ಸುಮ್ಮನಿದ್ದೆನಲ್ಲ.

ಬೋರ್ಸೋಕ್ ಉಗುಳಿದೆ.

"ನಾನು ಈ ಮನೆಗೆ ಬಂದ ದಿನ," ಅಂದೆ, "ತವರು ನೆನೆಸ್ಕೊಂಡು ಅಳ್ತಾ ಕೂತಿದ್ದೆ. ನೀವು ಹೆದರಿ ಲಾಯದಲ್ಲಿ ಬಚ್ಚಿಟ್ಕೊಂಡಿದ್ರಿ. ಆಗ ಒಬ್ಬರು ಟೋಪಿ ತುಂಬ ಜರ್ದಾಳು ತಂದು ನನ್ನ ಮಡಿಲಿಗೆ ಸುರಿದು, ನನ್ನ ಮಗ ಕೋಳಿ ಪುಕ್ಕಲ, ಆದ್ರೆ ಒಳ್ಳೇವನು ಕಣಮ್ಮ ಅಂದ್ರು. ಯಾರು ಅವರು?"

ನಮ್ಮವರು ನನ್ನನ್ನು ನೋಡಿದರು. ಕಣ್ಣು ತುಂಬಿತು, ಮುಖ ಅರಳಿತು. ಮಗುವಿನ ಕಿವಿಗೆ ಬಗ್ಗಿದರು.

"ಎಸೆನ್‌ಕುಲ್. ಎಸೆನ್‌ಕುಲ್. ಎಸೆನ್‌ಕುಲ್."

ಎಲ್ಲರೂ ಆಮೀನ್ ಎಂದು ಅಂಗೈಯಿಂದ ಮುಖ ಸವರಿಕೊಂಡರು. "ಹಾಗಾದ್ರೆ ನಾನು ಬಂದಿದ್ದು ಯಾಕೆ?" ಎಂದು ಸುಲ್ತಾನ್‌ಬೆಕ್ ಗೊಣಗಿದ.

"ಕತ್ತೆ," ಎಂದರು ನಮ್ಮವರು, ಸ್ಪಷ್ಟವಾಗಿ.

ಆ ನಗುವಿಗೆ ಚಹಾದ ಬಟ್ಟಲುಗಳು ಅಲ್ಲಾಡಿದವು. ನಗು ನಿಲ್ಲುವ ಮೊದಲೇ ನಮ್ಮವರು ಕೈ ಎತ್ತಿ ಮೊದಲು ನುರ್ಜಾತಳನ್ನು, ಆಮೇಲೆ ನನ್ನನ್ನು ತೋರಿಸಿದರು. ಮಾತಿಗಾಗಿ ಹುಡುಕಾಡಿದರು. ಯಾರೂ ಬಾಯಿ ಹಾಕಲಿಲ್ಲ. ಕಾದೆವು.

"ನೀವೂ... ಕರೀರಿ."

ಸೊಸೆಯರು ಹಿರಿಯರ ಹೆಸರು ಹಿಡಿಯುವುದೇ ಎಂದು ಒಂದಿಬ್ಬರು ಮುದುಕರು ಗಡ್ಡ ನೀವಿಕೊಂಡರು. ಆದರೆ ಅಪ್ಪಣೆ ಕೊಟ್ಟದ್ದು ಆ ಹೆಸರಿನವರ ಮಗನೇ, ಅದೂ ಇಷ್ಟು ಕಷ್ಟಪಟ್ಟು ಗಳಿಸಿದ ಮಾತಿನಲ್ಲಿ. ನುರ್ಜಾತ್ ತನ್ನ ಮಗನನ್ನು ಮೊದಲ ಸಲ ಹೆಸರು ಹಿಡಿದು ಕರೆದಳು. ಆಮೇಲೆ ನನ್ನ ಸರದಿ. ಊರಿನ ಮಕ್ಕಳಿಗೆಲ್ಲ ಮಾತು ಕಲಿಸಿದ ನನ್ನ ನಾಲಿಗೆ ಮೊದಲ ಸಲ ತೊದಲಿತು. ಎರಡನೇ ಸಲ ಸರಿಯಾಗಿ ಬಂತು.

"ಎಸೆನ್‌ಕುಲ್," ಅಂದೆ. ಎಷ್ಟು ಖುಷಿಯಾಯಿತೆಂದರೆ, ಮಗು ನಿದ್ದೆ ಹೋದಮೇಲೂ ಕರೆಯುತ್ತಲೇ ಇದ್ದೆ.