ದೂರದಿಂದ ಕಾಣಬಾರದು

ಟ್ರಾಫಿಕ್ ಪೇದೆಯ ಹೆಂಡತಿ ಮಗಳಿಗೆ ಒಂದು ಜಡೆ ಹೆಣೆದು, ಇನ್ನೊಂದಕ್ಕೆ ಕೂದಲು ಪಾಲು ಮಾಡುತ್ತಿದ್ದಾಗ ಶವದ ಗಾಡಿ ಮನೆ ಮುಂದೆ ನಿಂತಿತು. ನಿನ್ನೆ ಸಂಜೆಯ ಮಬ್ಬಿನಲ್ಲಿ, ಸೇತುವೆ ಇಳಿಯುವ ತಿರುವಿನಲ್ಲಿ, ಕಾರೊಂದು ಅವಳ ಗಂಡನನ್ನು ಹೊಡೆದು ಕೆಡವಿತ್ತು. ಆದರೂ ಬೆಳಗಾದರೆ ಮಗಳ ತಲೆ ಬಾಚಬೇಕಲ್ಲ, ಕೈ ತಾನಾಗಿ ಬಾಚಣಿಗೆ ಹುಡುಕಿತ್ತು.

"ಅಮ್ಮ, ಅಪ್ಪನ್ನ ಯಾಕೆ..."

"ಆಮೇಲೆ ಕೇಳು, ಗುಬ್ಬಿ."

ಅವನನ್ನು ನಡುಮನೆಯಲ್ಲಿ ಮಲಗಿಸಿದರು. ಪಕ್ಕದ ಮನೆಯ ಟೈಲರಮ್ಮ ಅವನ ಕಾಲ ಬಳಿ ಕೂತಳು.

"ಶಾಲೆ ಹತ್ರ ಡ್ಯೂಟಿ ಇದ್ದಾಗ ನನ್ನ ಮೊಮ್ಮಗನ್ನ ಕೈ ಹಿಡಿದು ದಾಟಿಸ್ತಿದ್ದ. ಪುಂಡ ಅದು, ಹೆತ್ತೋಳ ಮಾತೇ ಕೇಳಲ್ಲ. ಈ ಪೀಪಿ ಊದೋ ಮಾಮ ಅಂದ್ರೆ ಮಾತ್ರ ಮರುಮಾತಿಲ್ಲ."

"ಮನೇಲೂ ಹಂಗೇ. ಹಾಲು ಉಕ್ಕಿದ್ರೂ ಅಂಗೈ ತೋರಿಸಿ ನಿಲ್ಲಿಸೋಕೆ ನೋಡೋರು," ಎಂದಳು ಹೆಂಡತಿ.

ಅಳುತ್ತಿದ್ದವರ ನಡುವೆ ಸಣ್ಣದೊಂದು ನಗು ಸುಳಿದು ಹೋಯಿತು.

*

ಶಾಲೆಯ ಮುಂದೆ ಮಕ್ಕಳು ದಾಟುತ್ತಿದ್ದಾಗ ನುಗ್ಗಿ ಬಂದ ದೊಡ್ಡ ಕಾರನ್ನು ಅವನು ತಡೆದಿದ್ದ. ಒಳಗಿದ್ದವರು ಗಾಜು ಇಳಿಸಿ, "ನಾನ್ಯಾರು ಗೊತ್ತಾ?" ಎಂದರು. "ಮಕ್ಕಳು ದಾಟ್ಲಿ ಸರ್, ಆಮೇಲೆ ಹೇಳಿ," ಎಂದಿದ್ದನಂತೆ.

ಮರುವಾರವೇ ಅವನನ್ನು ಸೇತುವೆಯ ತಿರುವಿಗೆ ಹಾಕಿದರು. ಬೈಕಿನವರನ್ನು ಹಿಡಿಯುವ ಕೆಲಸ. ದೊಡ್ಡ ಕಾರುಗಳಿಗೆ ಕೈ ಅಡ್ಡ ಹಿಡಿಯುವ ಹಾಗಿಲ್ಲ.

ಊಟಕ್ಕೆ ಕೂತವನು ಕಲಸಿದ ತುತ್ತು ಕೈಯಲ್ಲೇ ಹಿಡಿದು ಹೇಳಿದ್ದ: "ಹೊಳೆಯೋ ಜಾಕೆಟ್ ತೆಗೆದಿಟ್ಟು ಕಂಬದ ಹಿಂದೆ ನಿಂತ್ಕೋಬೇಕಂತೆ. ದೂರದಿಂದ್ಲೇ ಕಂಡ್ರೆ ಎಲ್ರೂ ನಿಧಾನ ಮಾಡ್ತಾರೆ, ಆಮೇಲೆ ಹಿಡಿಯೋದು ಯಾರನ್ನ ಅಂತಾರೆ ಸಾಹೇಬ್ರು."

"ನಿಧಾನ ಮಾಡ್ಲಿ ಅಂತಲ್ವಾ ಅಪ್ಪ ನೀನಿರೋದು?" ಎಂದಿದ್ದಳು ಗುಬ್ಬಿ.

ಅವನು ಆ ತುತ್ತನ್ನು ಮಗಳ ಬಾಯಿಗಿಟ್ಟಿದ್ದ.

*

ಸಾಹೇಬರು ಹೂವಿನ ಚಕ್ರ ಹಿಡಿದು ಬಂದರು. ತಲೆ ಬಾಗಿಸಿ ನಿಂತು, ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಒಳ್ಳೆ ಮನುಷ್ಯ ಕಣಮ್ಮ. ಜಾಕೆಟ್ ಹಾಕ್ದೆ ರಸ್ತೆಗಿಳಿದುಬಿಟ್ಟ, ಅದೇ ತಪ್ಪಾಯ್ತು. ಕಾರಿನವರಿಗೆ ಕಾಣಿಸೇ ಇಲ್ಲ. ಅವನದೇ ಅಜಾಗರೂಕತೆ ಅಂತ ಬರೀಬೇಕಾಗುತ್ತೆ."

"ಕಾರಿನವರೆಲ್ಲಿ?"

"ಪಾಪ, ತುಂಬಾ ಗಾಬರಿಯಾಗಿದ್ರು. ಮನೆಗೆ ಕಳಿಸಿದ್ವಿ."

ಹೆಣ ಇನ್ನೂ ಎತ್ತಿಲ್ಲ, ಆಗಲೇ ತಪ್ಪನ್ನು ತಂದು ಅವನ ಎದೆಯ ಮೇಲೆ ಹೊರಿಸಿಯಾಗಿತ್ತು. ಅದೇ ತಿರುವಿನಲ್ಲಿ ಅವನ ಜೊತೆ ನಿಲ್ಲುತ್ತಿದ್ದ ಪೇದೆಯ ಮುಖ ನೋಡಿದಳು. ಅವನು ನೆಲ ನೋಡಿದ. ಅವಳ ಅಣ್ಣ ಕಿವಿಯ ಬಳಿ ಬಗ್ಗಿದ.

"ಸುಮ್ನಿರು ತಾಯಿ. ನಾಳೆ ಪಿಂಚಣಿಗೆ ಇವ್ರ ಬಾಗಿಲಿಗೇ ಹೋಗ್ಬೇಕು ನಾವು."

ಗುಬ್ಬಿ ಎದ್ದು ನಿಂತಳು. ಬೆಳಿಗ್ಗೆ ತಾನು ಆಮೇಲೆ ಅಂದು ತಡೆದಿದ್ದ ಪ್ರಶ್ನೆ ಈಗ ಮಗಳ ತುಟಿಗೆ ಬಂದದ್ದು ತಾಯಿಗೆ ಕಂಡಿತು. ಬಾಯಿ ಮುಚ್ಚಿಸಲು ಎತ್ತಿದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.

"ಅಂಕಲ್, ಜಾಕೆಟ್ ತೆಗಿ ಅಂತ ಅಪ್ಪಂಗೆ ಹೇಳಿದ್ದು ನೀವೇ ಅಲ್ವಾ?"