ಪೂನಂಳ ಕೂಸಿನ ಕಾಮಣಿ

"ನಮ್ಮ ಕೂಸು ಬರೀ ತಾಯಿ ಹಾಲು ಕುಡೀತದ ನೋಡವ್ವ, ಅದಕ್ಕ ಹಾಲಿನಂಗೇ ಬೆಳ್ಳಗ ಹೇಲತದ!" ಎಂದು ರುಕ್ಮಿಣಿಬಾಯಿ ಹೆಮ್ಮೆಯಿಂದ ನಕ್ಕಳು.

ಮೆಹರೀನ್ ಚಹಾದ ಕಪ್ಪು ಕೆಳಗಿಟ್ಟಳು. ಅವಳು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ಲಿವರ್ ರೋಗದ ಸಂಶೋಧನೆ ಮಾಡುವ ಡಾಕ್ಟರು. ಈದ್‌ಗೆಂದು ಬಸವಕಲ್ಯಾಣದ ತವರಿಗೆ ಬಂದಿದ್ದಳು. ಪಕ್ಕದ ಮನೆಯ ರುಕ್ಮಿಣಿಬಾಯಿ ಶೀರ್‌ಖುರ್ಮಾದ ಬಟ್ಟಲು ಮರಳಿಸುವ ನೆಪದಲ್ಲಿ ಸೊಸೆ ಪೂನಂಳನ್ನೂ ಮೊಮ್ಮಗಳನ್ನೂ ಕರೆತಂದಿದ್ದಳು.

"ಮೌಶಿ, ಕೂಸಿಗಿ ಎಷ್ಟು ದಿನ ಆತು? ಕಣ್ಣು ಇನ್ನಾ ಹಳದಿ ಅದಾವಲ್ಲ?"

"ಐದು ವಾರ ಆತವ್ವ. ಕಾಮಣಿ ಅದ. ಹುಮನಾಬಾದ ಕಡೆ ಒಬ್ಬರ ಹತ್ರ ಕಾಮಣಿ ಇಳಸೋ ಕಡ್ಡಿ ಮಾಲಿ ಹಾಕಿಸೀವಿ. ತಲಿ ಮ್ಯಾಲಿಟ್ಟಿದ್ದು ದಿನಾ ಉದ್ದ ಆಗಿ ಹೊಟ್ಟಿತನ ಇಳದದ. ಪಾದಕ್ಕ ಮುಟ್ಟಿತಂದ್ರ ಕಾಮಣಿ ಮಾಯ!"

ಮೆಹರೀನ್‌ಗೆ ತನ್ನ ವಾರ್ಡು ಕಣ್ಣಿಗೆ ಕಟ್ಟಿತು. ಬಂದ ತಾಯಂದಿರನ್ನೆಲ್ಲ ಅವಳು ಕೇಳುವುದು ಒಂದೇ ಮಾತು: ಮಲ ಬಿಳಿಚಿದ್ದು ಯಾವಾಗ ಕಂಡಿತು? ಎಲ್ಲರ ಉತ್ತರವೂ ಒಂದೇ: ತಾನಾಗಿ ಹೋಗುತ್ತದೆಂದು ಕಾದೆವು. ಅಷ್ಟರಲ್ಲಿ ಪುಟ್ಟ ಲಿವರ್ ಗಟ್ಟಿಯಾಗಿ ಹೋಗಿರುತ್ತದೆ. "ನನ್ನ ಕಲಿಜಾ ತಗೊಂಡು ಇದಕ್ಕ ಹಾಕ್ರಿ" ಎಂದು ತಾಯಿ ತನ್ನ ಹೊಟ್ಟೆ ಹಿಡಿದುಕೊಳ್ಳುತ್ತಾಳೆ. ಒಂದಾದರೂ ಕೂಸು ಹೊತ್ತಿಗೆ ಬರಬಾರದೇ ಎಂದು ಮೆಹರೀನ್ ಹಂಬಲಿಸಿ ವರ್ಷಗಳಾಗಿದ್ದವು. ಈಗ ಆ ಕೂಸು ಅವಳ ಎದುರಿಗೇ, ಕಾಲು ಬಡಿಯುತ್ತ ಮಲಗಿತ್ತು.

"ಮೌಶಿ, ಮಲಕ್ಕ ಬಣ್ಣ ಕೊಡೋದು ಪಿತ್ತ. ಪಿತ್ತ ಇಳಿಯೋ ನಳಿಗಿ ಮುಚ್ಚಿದ್ರ ಮಲ ಬೆಳ್ಳಗ ಆಗ್ತದ, ಲಿವರ್ ಒಳಗೇ ಸುಡ್ತದ. ಇವತ್ತೇ ತಪಾಸಣಿ ಆಗಬೇಕು."

"ನೀ ಬಿಡವ್ವ. ದವಾಖಾನಿಯವ್ರು ನೀವು, ಸೀನು ಬಂದ್ರೂ ಕೊಯ್ತೀರಿ!"

ಒಳಗಿನಿಂದ ಮೆಹರೀನ್‌ಳ ತಾಯಿ ಬಿಸ್ಮಿಲ್ಲಾ ಬೀ ಕೂಗಿದಳು: "ಏ ರುಕ್ಮಿಣಿ, ನಿನ್ನ ಮೊಣಕಾಲಿಗಿ ಗುಳಿಗಿ ಕೇಳ್ಲಾಕ ನನ್ನ ಮಗಳು ಬೇಕು, ಮೊಮ್ಮಗಳಿಗಿ ಬ್ಯಾಡೇನು?"

"ಆದ್ರ ಮಾಲಿ ದಿನಾ ಇಳ್ಯಾಕತ್ತಾದಲ್ಲ! ಸುಳ್ಳೇನದು?"

ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಪೂನಂ ಬಾಯಿ ಬಿಟ್ಟಳು. "ಅತ್ತಿ, ಬೈಬ್ಯಾಡ್ರಿ. ಕಡ್ಡಿ ಚುಚ್ಚಿ ಕೂಸು ಅಳ್ತಿತ್ತಂತ ಮಾಲಿ ತೆಗದು ಗ್ವಾಡಿ ಮೊಳಿಗಿ ಹಾಕೀನ್ರಿ. ನೀವು ನೋಡೋ ಹೊತ್ತಿಗಷ್ಟ ಕೊಳ್ಳಾಗ ಇಡ್ತೀನಿ. ಅದು ಮೊಳಿ ಮ್ಯಾಲೇ ಉದ್ದ ಆಗ್ಯಾದ್ರಿ."

ರುಕ್ಮಿಣಿಬಾಯಿಯ ನಗು ನಿಂತಿತು.

"ಕಡ್ಡಿ ಒಣಗಿ ಗಂಟು ಸಡ್ಲ ಆಗ್ತಾವ ಮೌಶಿ, ಅದಕ್ಕ ಮಾಲಿ ಉದ್ದ ಆಗ್ತದ," ಎಂದಳು ಮೆಹರೀನ್ ಮೆಲ್ಲಗೆ.

"ನನ್ನ ಹಾಲಿಂದೇ ದೋಷ ಏನ್ರಿ ಅಕ್ಕಾ?" ಪೂನಂ ಕೂಸನ್ನು ಎತ್ತಿಕೊಂಡಳು.

"ಇಲ್ಲವ್ವ. ಯಾರ ತಪ್ಪೂ ಅಲ್ಲ. ಹಾಲು ಕುಡಸ್ತಾ ಇರು."

"ಬದುಕ್ತದೇನು?" ರುಕ್ಮಿಣಿಬಾಯಿ ಕೇಳಿದಳು.

ಮೆಹರೀನ್ ಸುಳ್ಳು ಹೇಳಲಿಲ್ಲ. "ರೋಗ ಯಾವುದಂತ ಮೊದಲ ಗೊತ್ತಾಗಬೇಕು. ನಳಿಗಿ ಮುಚ್ಚಿದ್ರ, ಕೂಸಿಗಿ ಎರಡು ತಿಂಗಳ ತುಂಬೋದ್ರೊಳಗ ಆಪರೇಷನ್ ಆದ್ರ ಆಸೆ ಭಾಳ. ಮುಂದ ಬೇಕಾದ್ರ ತಾಯಿನೋ ತಂದಿನೋ ಲಿವರಿನ ಒಂದು ತುಂಡು ಕೊಡಬಹುದು. ಕೊಟ್ಟವರಿಗಿ ಅದು ತಿರುಗಿ ಬೆಳೀತದ."

"ನಂದು ನಡೀತದೇನು, ಬೇಟಿ?"

"ವಯಸ್ಸಾತು ಮೌಶಿ. ನೀವು ಜೋಡಿ ಬರ್ರಿ, ಸಾಕು."

"ಧನರಾಜಗ ಫೋನ್ ಹಚ್ಚು ಪೂನಂ! ಜೀಪು ತರಾಕ ಹೇಳು!" ಎಂದು ರುಕ್ಮಿಣಿಬಾಯಿ ಮಗನನ್ನು ಕರೆಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಹುಟ್ಟಿದ ಎಷ್ಟೋ ಕೂಸುಗಳಿಗೆ ಕಾಮಣಿ ಬಂದು ತಾನಾಗಿಯೇ ಹೋಗುತ್ತದೆ, ನಿಜ. ಆದರೆ ಎರಡು ವಾರ ದಾಟಿದರೂ ಕಣ್ಣು ಹಳದಿಯಿದ್ದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ, ಇಲ್ಲವೇ ಮೂತ್ರದಿಂದ ಲಂಗೋಟಿಗೆ ಹಳದಿ ಕಲೆ ಕೂತರೆ ಮಾಲೆ ನಂಬಿ ಕಾಯಬೇಡಿ. ಬರೆಯಂತೂ ಹಾಕಿಸಲೇಬೇಡಿ. ಅಂದೇ ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಆ ಕೂಸಿಗೆ ಕಾಯುವಷ್ಟು ಸಮಯ ಇರುವುದಿಲ್ಲ.

ಸಂಜೆಯ ಹೊತ್ತಿಗೆ ಧನರಾಜನ ಜೀಪು ಹುಮನಾಬಾದ್ ದಾಟಿ ಹೈದರಾಬಾದಿನತ್ತ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂಸು ಮೆಹರೀನ್‌ಳ ಬೆರಳು ಹಿಡಿದುಕೊಂಡೇ ನಿದ್ದೆ ಹೋಯಿತು.